ಸೇನೆಯ ಹಣ ಶಾಲೆಗೆ ಕೊಟ್ಟರೆ ಆಗಲ್ವಾ?

ಸೇನೆಯ ಬಜೆಟ್ ಅರ್ಧಕ್ಕೆ ಇಳಿಸಿ ಶಾಲೆಗಳಿಗೆ ಕೊಡಬಹುದಲ್ವಾ ಅಂತ ಕೇಳಿದ್ದೀರಿ. ಆಸೆ ಒಳ್ಳೆಯದೇ, ಆದರೆ ಒಂದೇ ವರ್ಷದಲ್ಲಿ ಆಗುವ ಕೆಲಸ ಅಲ್ಲ. ಆ ಖರ್ಚಿನಲ್ಲಿ ದೊಡ್ಡ ಪಾಲು ಸಂಬಳ, ಪಿಂಚಣಿ, ಮೊದಲೇ ಸಹಿ ಹಾಕಿದ ಖರೀದಿ ಒಪ್ಪಂದಗಳು. ಸುಮ್ನೆ ನಿಲ್ಲಿಸೋಕೆ ಆಗಲ್ಲ.

ಮಾಡಿ ತೋರಿಸಿದವರೂ ಇದ್ದಾರೆ ಅನ್ನಿ. ಮಧ್ಯ ಅಮೆರಿಕದ ಕೋಸ್ಟಾರಿಕಾ 1948ರಲ್ಲಿ ಸೇನೆಯನ್ನೇ ರದ್ದು ಮಾಡಿತು. ಆದರೆ ಅದು ಸಣ್ಣ ದೇಶ. ಜೊತೆಗೆ, ಒಬ್ಬರ ಮೇಲೆ ದಾಳಿಯಾದರೆ ಉಳಿದವರು ನೆರವಿಗೆ ಬರಬೇಕೆಂದು ಅಮೆರಿಕ ಖಂಡಗಳ ದೇಶಗಳು ಮಾಡಿಕೊಂಡ 1947ರ ರಿಯೋ ಒಪ್ಪಂದದ ಆಸರೆಯೂ ಇತ್ತು. ಎಲ್ಲರಿಗೂ ಆ ಅನುಕೂಲ ಎಲ್ಲಿದೆ? ಇನ್ನೊಂದು ತಮಾಷೆ ನೋಡಿ. ಶಿಕ್ಷಣಕ್ಕೆ ಜಿಡಿಪಿಯ ಕನಿಷ್ಠ 8% ಕೊಡಬೇಕು ಅಂತ ಅಲ್ಲಿನ ಸಂವಿಧಾನವೇ ಹೇಳುತ್ತದೆ. ಸೇನೆ ಇಲ್ಲದಿದ್ದರೂ ಈಚಿನ ವರ್ಷಗಳಲ್ಲಿ ಖರ್ಚು ಅದಕ್ಕಿಂತ ಸಾಕಷ್ಟು ಕಡಿಮೆ. ಸಾಲದ ಬಡ್ಡಿಗೂ ದೊಡ್ಡ ಮೊತ್ತ ಹೋಗುತ್ತಿದೆ.

ಸೇನೆ ಬಿಟ್ಟು, ಕಲ್ಯಾಣ ಯೋಜನೆಗಳಿಂದ ಹಣ ಕಿತ್ತು ಶಾಲೆಗೆ ಕೊಡೋಣ ಅಂದರೆ, ಅದಂತೂ ನನಗೆ ಒಪ್ಪಿಗೆಯಿಲ್ಲ. ಹಸಿದ ಮಗು ಏನು ಕಲಿತೀತು?

ನಾನಾದರೆ ಮೊದಲು ಶಿಕ್ಷಣದ ಪಾಲನ್ನೇ ನೋಡುತ್ತೇನೆ. ವಿಶ್ವ ಶಿಕ್ಷಣ ವೇದಿಕೆಯಲ್ಲಿ ದೇಶಗಳು ಒಪ್ಪಿದ 2015ರ ಇಂಚಿಯಾನ್ ಘೋಷಣೆ, ಶಿಕ್ಷಣಕ್ಕೆ ಕನಿಷ್ಠ ಜಿಡಿಪಿಯ 4ರಿಂದ 6% ಅಥವಾ ಸರ್ಕಾರಿ ಖರ್ಚಿನ 15ರಿಂದ 20%, ಇಲ್ಲವೇ ಎರಡೂ, ಎಂಬ ಅಳತೆ ಕೊಟ್ಟಿದೆ. ಸರ್ಕಾರ ಅಷ್ಟೂ ಕೊಡುತ್ತಿಲ್ಲ ಅಂದರೆ, ನಿಮ್ಮ ಜಗಳ ಅಲ್ಲಿಂದ ಶುರುವಾಗಲಿ.