ಹೋಗಿ, ಆದರೆ ಈ ಮಾತು ಮುಗಿಸಿಯೇ ವಿಮಾನ ಹತ್ತಿ

ಪ್ರಶ್ನೆ: ನನಗೆ 32 ವರ್ಷ. ಗಂಡ ಕೆಲಸದ ಮೇಲೆ ವಿದೇಶಕ್ಕೆ ಹೋಗಿ ಎಂಟು ತಿಂಗಳಾಯಿತು. ಇನ್ನು ಮೂರು ವಾರಕ್ಕೆ ನಾನು, ನಾಲ್ಕು ವರ್ಷದ ಮಗಳು ಇಬ್ಬರೇ ಹೊರಡಬೇಕು. ಒನ್ ವೇ ಟಿಕೆಟ್. ಎರಡು ವಿಮಾನ, ಮಧ್ಯೆ ಐದು ಗಂಟೆ ಕಾಯಬೇಕು, ಎಲ್ಲ ಸೇರಿ 22 ಗಂಟೆ. ಒಂಬತ್ತು ವರ್ಷ ಮಾಡಿದ ಕೆಲಸ ಬಿಟ್ಟಿದ್ದೇನೆ. ನನ್ನ ವೀಸಾ ಅವರ ಕೆಲಸದ ಮೇಲೆ ನಿಂತಿದೆ. ಹಗಲು ಎಲ್ಲರ ಮುಂದೆ ನಗುತ್ತಿರುತ್ತೇನೆ, ರಾತ್ರಿ ಎರಡಕ್ಕೆ ಎಚ್ಚರವಾಗಿ ಎದೆ ಢವಢವ ಅನ್ನುತ್ತದೆ. ಅಮ್ಮ ಇದರ ಬಗ್ಗೆ ಒಂದು ಮಾತೂ ಆಡುತ್ತಿಲ್ಲ. ದಿನಾ ಸೂಟ್‌ಕೇಸ್ ತೂಕ ಹಾಕುತ್ತಾಳೆ, 23 ಕೆಜಿ ದಾಟಿತು ಅಂತ ಒಂದಿಷ್ಟು ತೆಗೆಯುತ್ತಾಳೆ, ಸಂಜೆ ಮತ್ತೆ ಅದನ್ನೇ ತುಂಬುತ್ತಾಳೆ. ಟಿಕೆಟ್ ಕ್ಯಾನ್ಸಲ್ ಮಾಡಿಬಿಡಲಾ? ಗಂಡನಿಗೆ ಇದನ್ನೆಲ್ಲ ಹೇಳಿದರೆ ಅವರ ಜೊತೆ ಇರಲು ನನಗೆ ಇಷ್ಟವಿಲ್ಲ ಅಂದುಕೊಳ್ಳುತ್ತಾರೆ.

ಉತ್ತರ: ಸದ್ಯಕ್ಕೆ ಕ್ಯಾನ್ಸಲ್ ಮಾಡಬೇಡಿ. ಆದರೆ ಗಂಡನ ಹತ್ತಿರ ಮಾತಾಡದೆ ಹೊರಡಲೂ ಬೇಡಿ.

ಪತ್ರದಲ್ಲಿ ಎಲ್ಲೂ ನೀವು ಆ ದೇಶ ಬೇಡ ಅಂದಿಲ್ಲ, ಗಂಡ ಬೇಡ ಅಂತಲೂ ಅಂದಿಲ್ಲ. ಒನ್ ವೇ ಟಿಕೆಟ್, ಬಿಟ್ಟ ಕೆಲಸ, ಅವರ ಮೇಲೆ ನಿಂತ ವೀಸಾ, ಇಷ್ಟನ್ನು ಬರೆದು ಆಮೇಲೆ ಎದೆ ಢವಢವದ ಮಾತಿಗೆ ಬಂದಿದ್ದೀರಿ. ಒಂಬತ್ತು ವರ್ಷ ಸ್ವಂತ ಸಂಬಳ ಎಣಿಸಿದವರು ಇನ್ನು ಒಂದು ಸಿಮ್ ಕಾರ್ಡಿಗೂ ಗಂಡನ ಮುಖ ನೋಡಬೇಕಲ್ಲ ಅನ್ನೋ ಚಿಂತೆ ಇದು. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಧೈರ್ಯ ತಂದುಕೊಳ್ಳಿ ಅಂತ ಹೇಳಿ ನಿಮ್ಮನ್ನು ಕಳಿಸಿಬಿಡುವುದು ಸುಲಭ, ಆದರೆ ಈ ಭಯಕ್ಕೆ ಧೈರ್ಯ ಮದ್ದಲ್ಲ. ನಾಲ್ಕೈದು ಪ್ರಶ್ನೆಗಳಿಗೆ ಸ್ಪಷ್ಟ ಉತ್ತರ ಸಿಕ್ಕರೆ ಅರ್ಧ ಭಯ ಇಳಿಯುತ್ತದೆ.

ಆ ಉತ್ತರ ಕೊಡಬೇಕಾದವರು ನಿಮ್ಮ ಗಂಡ. ಅವರಿಗೆ ಹೀಗೆ ಹೇಳಿ ನೋಡಿ: "ನನಗೆ ಬರೋಕೆ ಇಷ್ಟ ಇದೆ ರೀ, ಆದರೆ ಬಂದ ಮೇಲೆ ನನ್ನ ಕಥೆ ಏನು ಅಂತ ಗೊತ್ತಾಗದೆ ನಿದ್ದೆ ಬರ್ತಿಲ್ಲ, ಮಗಳು ಮಲಗಿದ ಮೇಲೆ ಒಂದು ಗಂಟೆ ಕೂತು ಮಾತಾಡೋಣ." ಅಷ್ಟು ಸಾಕು. ಇಷ್ಟ ಇದೆ ಅನ್ನೋದನ್ನ ಮೊದಲೇ ಹೇಳಿದರೆ ಅವರು ತಪ್ಪು ತಿಳಿಯುವ ಸಾಧ್ಯತೆ ಕಡಿಮೆ.

ಆ ಒಂದು ಗಂಟೆಯಲ್ಲಿ ಏನು ಕೇಳಬೇಕು? ನಿಮ್ಮ ವೀಸಾದಲ್ಲಿ ಕೆಲಸ ಮಾಡಬಹುದಾ ಅನ್ನುವುದು ಮೊದಲು. ಕೆಲವು ದೇಶಗಳಲ್ಲಿ ಸಂಗಾತಿ ಇಳಿದ ಮಾರನೆಯ ದಿನದಿಂದಲೇ ಕೆಲಸಕ್ಕೆ ಸೇರಬಹುದು, ಕೆಲವು ಕಡೆ ಬೇರೆ ಅರ್ಜಿ ಹಾಕಿ ತಿಂಗಳುಗಟ್ಟಲೆ ಕಾಯಬೇಕು, ಇನ್ನು ಕೆಲವು ವೀಸಾಗಳಲ್ಲಿ ಅವಕಾಶವೇ ಇಲ್ಲ. ಅವರ ಸಹೋದ್ಯೋಗಿಯ ಹೆಂಡತಿ ಹೇಳಿದ್ದನ್ನು ನಂಬಿ ಕೂರಬೇಡಿ, ಆ ದೇಶದ ವಲಸೆ ಇಲಾಖೆಯ ಅಧಿಕೃತ ಪುಟದಲ್ಲಿ ನಿಮ್ಮ ವೀಸಾ ವರ್ಗದ ಹೆಸರು ಹುಡುಕಿ ನೀವೇ ಓದಿ. ಅವರ ಕೆಲಸ ಹೋದರೆ ಎಷ್ಟು ದಿನ ಅಲ್ಲಿರಬಹುದು ಅನ್ನುವುದೂ ಅಲ್ಲೇ ಸಿಗುತ್ತದೆ. ಕೇಳಲು ಅಪಶಕುನ ಅನ್ನಿಸಬಹುದು, ಆದರೂ ಕೇಳಿ.

ಆಮೇಲೆ ದುಡ್ಡು. ಇಲ್ಲಿ ನಾನು ಸ್ವಲ್ಪ ಖಡಕ್ಕಾಗಿಯೇ ಹೇಳುತ್ತೇನೆ. ನಿಮಗೂ ಮಗಳಿಗೂ ವಾಪಸ್ ಬರುವ ಟಿಕೆಟ್ಟಿನಷ್ಟು ಹಣ ನಿಮ್ಮೊಬ್ಬರ ಹೆಸರಿನ ಖಾತೆಯಲ್ಲಿ, ಅಲ್ಲಿಂದಲೇ ನೀವು ತೆಗೆಯಬಹುದಾದ ರೀತಿಯಲ್ಲಿ ಇರಬೇಕು. ಗಂಡನ ಮೇಲೆ ನಂಬಿಕೆ ಇಲ್ಲ ಅಂತಲ್ಲ, ಬಾಗಿಲು ತೆರೆದಿದೆ ಅಂತ ಗೊತ್ತಿದ್ದವರು ಮನೆಯೊಳಗೆ ನೆಮ್ಮದಿಯಾಗಿ ಕೂರುತ್ತಾರೆ. ನಿಮ್ಮಿಬ್ಬರ ಪಾಸ್‌ಪೋರ್ಟ್ ನಿಮ್ಮ ಬಳಿಯೇ ಇರಲಿ. ಇನ್ನೊಂದು, ಒಂದು ತಾರೀಖು ಗೊತ್ತು ಮಾಡಿಕೊಳ್ಳಿ, ಒಂದು ವರ್ಷ ಕಳೆದ ಮೇಲೆ ಅಂತಿಟ್ಟುಕೊಳ್ಳಿ. ಅವತ್ತು ಇಬ್ಬರೂ ಕೂತು ಇಲ್ಲೇ ಇರೋಣವಾ, ಬೇಡವಾ ಅಂತ ಲೆಕ್ಕ ಹಾಕೋದು. ನೀವು ಅಲ್ಲಿ ಚೆನ್ನಾಗಿಲ್ಲ ಅಂದರೆ ಅದೂ ಆ ಲೆಕ್ಕದಲ್ಲಿ ಬರಬೇಕು.

ಇನ್ನೊಂದು ವಿಷಯ ನೀವು ಬರೆದಿಲ್ಲ, ಆದರೆ ಹೋದ ಮೊದಲ ವಾರವೇ ಎದುರಾಗುವಂಥದ್ದು. ಅವರು ಅಲ್ಲಿಗೆ ಎಂಟು ತಿಂಗಳು ಹಳಬರು, ನೀವು ಹೊಸಬರು. ಕಲ್ಚರ್ ಶಾಕ್ ಬಗ್ಗೆ 1960ರಲ್ಲಿ ಬರೆದ ಮಾನವಶಾಸ್ತ್ರಜ್ಞ ಕಲೆರ್ವೊ ಓಬರ್ಗ್, ಮೊದಲ ಹಂತ ಹನಿಮೂನಿನಂತೆ, ಕೆಲವರಿಗೆ ಅದು ಕೆಲವೇ ದಿನ, ಕೆಲವರಿಗೆ ಆರು ತಿಂಗಳು, ಆಮೇಲೆ ಎಲ್ಲದರ ಮೇಲೂ ಸಿಟ್ಟು ಬರುವ ಕಾಲ ಶುರು ಅಂದಿದ್ದರು. ನಿಮ್ಮ ಗಂಡ ಬಹುಶಃ ಆ ಸಿಟ್ಟಿನ ಕಾಲವನ್ನು ಒಬ್ಬರೇ ದಾಟಿ, ನಿಮಗೆ ಹೇಳದೆ ನುಂಗಿಕೊಂಡಿದ್ದಾರೆ. ಈಗ ಅವರಿಗೆ ಬಸ್ ನಂಬರ್ ಗೊತ್ತು, ಯಾವ ಕಸ ಯಾವ ಡಬ್ಬಿಗೆ ಅಂತ ಗೊತ್ತು. ನಿಮಗೆ ಒಲೆ ಹಚ್ಚೋದೂ ಹೊಸದು. "ಅಯ್ಯೋ, ಅದು ಹಾಗಲ್ಲ, ಹೀಗೆ" ಅಂತ ದಿನಕ್ಕೆ ಹತ್ತು ಸಲ ಕೇಳಿಸಿಕೊಂಡಾಗ ಮೈ ಉರಿಯುತ್ತದೆ. ಅದಕ್ಕೆ ಈಗಲೇ ಹೇಳಿಡಿ, ನಾನಾಗಿ ಕೇಳಿದಾಗ ಮಾತ್ರ ಹೇಳಿಕೊಡಿ, ಮಿಕ್ಕಿದ್ದರಲ್ಲಿ ಎಡವಿದರೆ ಎಡವಲಿ ಬಿಡಿ ಅಂತ. ವಾರಕ್ಕೊಂದು ಕೆಲಸವಾದರೂ, ಮಗಳ ಸ್ಕೂಲಿನ ಅರ್ಜಿಯೋ, ಡಾಕ್ಟರ ಅಪಾಯಿಂಟ್‌ಮೆಂಟೋ, ನೀವೊಬ್ಬರೇ ಹೋಗಿ ಮುಗಿಸಿಕೊಂಡು ಬನ್ನಿ.

ಕಾಗದಪತ್ರದ ಬಗ್ಗೆ ಒಂದು ಮಾತು, ಇದನ್ನು ಜನ ಅಲ್ಲಿ ಹೋದ ಮೇಲೆ ನೆನಪಿಸಿಕೊಂಡು ಪರದಾಡುತ್ತಾರೆ. ಡಿಗ್ರಿ, ಮದುವೆ ಸರ್ಟಿಫಿಕೇಟ್, ಮಗಳ ಜನನ ಪ್ರಮಾಣಪತ್ರಕ್ಕೆ ಅಪೋಸ್ಟಿಲ್ ಮುದ್ರೆ, ಅಂದರೆ ದಾಖಲೆ ಅಸಲಿ ಅಂತ ಬೇರೆ ದೇಶ ಒಪ್ಪಲು ಹಾಕುವ ಸರ್ಕಾರಿ ಮುದ್ರೆ, ಬೇಕಾಗಬಹುದು. 1961ರ ಹೇಗ್ ಒಪ್ಪಂದದ ಪ್ರಕಾರ ದಾಖಲೆ ಕೊಟ್ಟ ದೇಶವೇ ಆ ಮುದ್ರೆ ಹಾಕಬೇಕು, ಹೋದ ದೇಶ ಹಾಕಿಕೊಡುವುದಿಲ್ಲ. ಆದ್ದರಿಂದ ಬೇಕಾ ಅಂತ ವಿಚಾರಿಸಿ, ಈ ಮೂರು ವಾರದಲ್ಲೇ ಅರ್ಜಿ ಹಾಕಿ. ನಿಮ್ಮ ಒಂಬತ್ತು ವರ್ಷದ ಅನುಭವ ಪತ್ರವನ್ನೂ ಸುಮ್ನೆ ಬಿಟ್ಟು ಹೋಗಬೇಡಿ, ಅಲ್ಲಿ ಕೆಲಸ ಹುಡುಕುವಾಗ ಅದೇ ಮೊದಲು ಕೇಳೋದು. ಮಗುವಿನ ಜೊತೆ ಒಬ್ಬರೇ ಹೋಗುತ್ತಿದ್ದೀರಲ್ಲ, ಇನ್ನೊಬ್ಬ ಪೋಷಕರ ಒಪ್ಪಿಗೆ ಪತ್ರ ಕೆಲವು ದೇಶಗಳ ಗಡಿಯಲ್ಲಿ ಕೇಳುತ್ತಾರೆ. ಗಂಡನಿಂದ ಸಹಿ ಹಾಕಿಸಿ ತರಿಸಿಟ್ಟುಕೊಳ್ಳಿ. ಇದೆಲ್ಲ ಕೈಚೀಲದಲ್ಲಿರಲಿ, ಸೂಟ್‌ಕೇಸಿಗೆ ಹಾಕಬೇಡಿ. ಅದು ಬರದೇ ಹೋದರೆ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ 21 ದಿನ ಕಳೆದ ಮೇಲೆ ಕಳೆದುಹೋದದ್ದರ ಪರಿಹಾರ ಕೇಳಬಹುದು, ಆದರೆ ಪರಿಹಾರದ ಹಣದಿಂದ ಡಿಗ್ರಿ ಸರ್ಟಿಫಿಕೇಟ್ ಹುಟ್ಟುವುದಿಲ್ಲ ಅಲ್ವಾ.

ಇನ್ನು ಆ 22 ಗಂಟೆ. ನೀವು ಹೆದರಿದಷ್ಟು ಕಷ್ಟವಿರುವುದಿಲ್ಲ, ಸುಸ್ತು ಮಾತ್ರ ಜಾಸ್ತಿ. ವಿಮಾನ ಇಳಿಯುವಾಗ ಮಕ್ಕಳಿಗೆ ಕಿವಿ ನೋಯುತ್ತದೆ, ನಿದ್ದೆಯಲ್ಲಿದ್ದರೆ ನುಂಗುವುದು ಕಡಿಮೆಯಾಗಿ ಇನ್ನೂ ಜಾಸ್ತಿ, ಆದ್ದರಿಂದ ಇಳಿಯಲು ಶುರುವಾದ ತಕ್ಷಣ ಮಗಳನ್ನು ಎಬ್ಬಿಸಿ ಗುಟುಕು ಗುಟುಕಾಗಿ ನೀರು ಕುಡಿಸಿ. ಒಳಗಿನ ಗಾಳಿ ತುಂಬಾ ಒಣ, ನೀವೂ ಕುಡಿಯಿರಿ, ಆಗಾಗ ಎದ್ದು ಓಡಾಡಿ. ಮಧ್ಯೆ ವಿಮಾನ ಬದಲಿಸುವ ಕಡೆ ಬ್ಯಾಗ್ ತಾನಾಗಿ ಮುಂದೆ ಹೋಗುತ್ತದಾ, ಟ್ರಾನ್ಸಿಟ್ ವೀಸಾ ಬೇಕಾ ಅಂತ ಏರ್‌ಲೈನಿಗೆ ಈಗಲೇ ಫೋನ್ ಮಾಡಿ ಕೇಳಿ.

ಇಳಿದ ಮೇಲೆ ದೇಹದ ಗಡಿಯಾರ ಹೊಸ ಸಮಯಕ್ಕೆ ಹೊಂದಲು ಅಂದಾಜಿಗೆ ಒಂದು ಗಂಟೆಯ ವ್ಯತ್ಯಾಸಕ್ಕೆ ಒಂದು ದಿನ ಬೇಕು. ಎಂಟು ಗಂಟೆ ವ್ಯತ್ಯಾಸವಿದ್ದರೆ ಒಂದು ವಾರದ ಮೇಲೆ. ಅಲ್ಲಿಯವರೆಗೆ ನಡುರಾತ್ರಿ ತಾಯಿ ಮಗಳು ಇಬ್ಬರೂ ಕಣ್ಣು ಬಿಟ್ಟುಕೊಂಡು ಕೂತಿರುತ್ತೀರಿ, ಆ ಹೊತ್ತಿನಲ್ಲಿ ಜಗತ್ತೇ ಬೇಡ ಅನ್ನಿಸುತ್ತದೆ. ಆಗ ಏನೂ ತೀರ್ಮಾನ ಮಾಡಬೇಡಿ, ಯಾರಿಗೂ ಮೆಸೇಜ್ ಹಾಕಬೇಡಿ. ಹಗಲು ಹೊರಗೆ ಬೆಳಕಿನಲ್ಲಿ ಸುತ್ತಾಡಿ.

ಅಮ್ಮನ ವಿಷಯ. ಅವರಿಗೆ ಬಾಯಲ್ಲಿ ಹೇಳಲಾಗದ್ದು ಆ ತೂಕದ ಯಂತ್ರದ ಮೇಲೆ ನಡೆಯುತ್ತಿದೆ ಅಂತ ನಿಮಗೂ ಗೊತ್ತು. ಅವರು ಮಾತಾಡಲಿ ಅಂತ ಕಾಯಬೇಡಿ. ಮುಂದಿನ ಸಲ ಅವರು ಸೂಟ್‌ಕೇಸ್ ಬಿಚ್ಚಿದಾಗ ಪಕ್ಕದಲ್ಲಿ ಕೂತು, "ನನಗೂ ಭಯ ಆಗ್ತಿದೆ ಅಮ್ಮ" ಅನ್ನಿ. ಇಬ್ಬರೂ ಅತ್ತರೆ ಅಳಿ. ನೀವು ನಗುತ್ತಲೇ ಇದ್ದರೆ ಅವರೂ ಗಟ್ಟಿಯಾಗಿರುವಂತೆ ನಟಿಸಬೇಕಾಗುತ್ತದೆ. ವಿಡಿಯೋ ಕಾಲ್ ಯಾವ ಹೊತ್ತಿಗೆ ಅಂತ ಈಗಲೇ ಗೊತ್ತು ಮಾಡಿ, ಆದರೆ ದಿನಾ ಮಾಡ್ತೀನಿ ಅಂತ ಮಾತು ಕೊಡಬೇಡಿ. ಒಂದು ದಿನ ತಪ್ಪಿದರೆ ಅವರು ಫೋನ್ ಹಿಡಿದು ಕೂತುಬಿಡುತ್ತಾರೆ.

ಗಂಡ ನಿಮ್ಮ ಮಾತು ಕೇಳಿ, ಒಂದೊಂದಕ್ಕೂ ಸರಿಯಾಗಿ ಉತ್ತರ ಕೊಟ್ಟರೆ ಹೊರಡಿ. ಕೆಲವಕ್ಕೆ "ಗೊತ್ತಿಲ್ಲ, ವಿಚಾರಿಸ್ತೀನಿ" ಅಂದರೂ ಹೊರಡಿ, ಅದು ಪ್ರಾಮಾಣಿಕ ಉತ್ತರವೇ. "ಇದೆಲ್ಲ ಈಗ್ಯಾಕೆ, ಮೊದಲು ಬಾ" ಅಂತ ಮಾತು ತೇಲಿಸಿಬಿಟ್ಟರೆ ಮಾತ್ರ ಪ್ರಯಾಣದ ದಿನ ಒಂದು ತಿಂಗಳು ಮುಂದಕ್ಕೆ ಹಾಕಿ, ಅದಕ್ಕೂ ಮೊದಲು ವೀಸಾದ ಅವಧಿ ನೋಡಿಕೊಳ್ಳಿ. ಟಿಕೆಟ್ ಬದಲಿಸಲು ಸ್ವಲ್ಪ ದುಡ್ಡು ಹೋಗುತ್ತದೆ, ಹೋಗಲಿ ಬಿಡಿ. ಆ ಒಂದು ತಿಂಗಳಲ್ಲಿ ಮತ್ತೆ ಅದೇ ಪ್ರಶ್ನೆಗಳನ್ನು ಕೇಳಿ.