ರಾತ್ರಿ ಹತ್ತಕ್ಕೆ ಕುಂಚ ಹಿಡಿಯುವವರಿಗೆ

ಕಚೇರಿ, ಅಡುಗೆ, ಮಕ್ಕಳ ಓದು ಎಲ್ಲ ಮುಗಿಸಿ ರಾತ್ರಿ ಹತ್ತಕ್ಕೆ ಕುಂಚ ಹಿಡಿದರೆ ಕೈ ಓಡುವುದಿಲ್ಲ, ಇದು ಸೋಮಾರಿತನವೇ ಎಂದು ಕೇಳಿದ್ದೀರಿ. ಖಂಡಿತ ಅಲ್ಲ, ಅದು ಬರೀ ದಣಿವು. ವಯಸ್ಕರಿಗೆ ದಿನಕ್ಕೆ ಕನಿಷ್ಠ 7 ಗಂಟೆ ನಿದ್ದೆ ಬೇಕು. ಅದನ್ನು ಕದ್ದು ಚಿತ್ರ ಬರೆಯಬೇಡಿ. ನಾನು ಹಾಗೆ ಮಾಡಿ ಕೊನೆಗೆ ಬಣ್ಣದ ಡಬ್ಬಿ ಕಂಡರೇ ಬೇಸರವಾಗುವಂತಾಗಿತ್ತು.

ರಾತ್ರಿ ಮಲಗಿಬಿಡಿ. ಬೆಳಿಗ್ಗೆ 20 ನಿಮಿಷ ಸಾಕು. ಬಣ್ಣ ಕಲಸಿ, ಕುಂಚ ತೊಳೆಯುವುದರಲ್ಲೇ ಅಷ್ಟು ಹೊತ್ತು ಕಳೆದುಹೋಗುತ್ತದೆ, ಆದ್ದರಿಂದ ವಾರದ ದಿನಗಳಲ್ಲಿ ಪೆನ್ಸಿಲ್ ಮಾತ್ರ. ಚಿತ್ರ ಬರೆಯುವ ಪುಸ್ತಕವನ್ನು ಮೇಜಿನ ಮೇಲೆ ತೆರೆದೇ ಇಡಿ. ಇನ್ನೊಂದು ಮಾತು, ನನಗೆ ಎಲ್ಲಕ್ಕಿಂತ ಹೆಚ್ಚು ನೆರವಾದದ್ದು: ಚಿತ್ರವನ್ನು ಬೇಕೆಂದೇ ಅರ್ಧಕ್ಕೆ ಬಿಟ್ಟು ಏಳಿ. ಮರುದಿನ ಖಾಲಿ ಹಾಳೆಯ ಮುಂದೆ ತಡಕಾಡಬೇಕಾಗಿಲ್ಲ, ಕೈ ತಾನಾಗಿ ಮುಂದುವರಿಯುತ್ತದೆ.

ಚಿತ್ರ ಬರೆಯಲು ಪ್ರವಾಸ ಹೋಗುವುದಕ್ಕೂ ದೀರ್ಘ ರಜೆ ಕಾಯಬೇಡಿ. ತಿಂಗಳಿಗೊಂದು ಅರ್ಧ ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ, ಮನೆಯವರಿಗೂ ತಿಳಿಸಿಬಿಡಿ. ಇದುವರೆಗೆ ಇಳಿಯದ ನಿಲ್ದಾಣದಲ್ಲಿ ಬಸ್ಸಿನಿಂದ ಇಳಿದು ನಡೆಯಿರಿ. ಫೋಟೋ ತೆಗೆಯುವ ಬದಲು ಒಂದು ಬಾಗಿಲನ್ನೋ ಮರವನ್ನೋ ನಿಂತು ಬರೆಯಿರಿ. ಬರೆಯುವಾಗ ನೋಡಿದಷ್ಟು ನಾವು ಬೇರೆ ಯಾವಾಗಲೂ ನೋಡುವುದಿಲ್ಲ. ಮಕ್ಕಳು ಜೊತೆಗೆ ಬರುತ್ತೇವೆಂದರೆ ಅವರ ಕೈಗೂ ಒಂದು ಪೆನ್ಸಿಲ್ ಕೊಡಿ.