ನೀರಿನ ದೋಣಿಯಲ್ಲಿ ತೊಯ್ದು ತೊಪ್ಪೆಯಾಗಲೇಬೇಕೇ?
ಮನರಂಜನಾ ಪಾರ್ಕಿನ ನೀರಿನ ದೋಣಿ ಹತ್ತಿದವರು ಪೂರ್ತಿ ನೆನೆಯಲೇಬೇಕೇ, ನಾಲ್ಕು ಹನಿ ಸಿಡಿದರೆ ಸಾಲದೇ ಎಂದು ಕೇಳಿದ್ದೀರಿ. ಎತ್ತರದಿಂದ ಜಾರಿ ಬರುವ ದಿಮ್ಮಿಯಾಕಾರದ ದೋಣಿಯ ವೇಗವನ್ನು ತಗ್ಗಿಸುವುದು ಕೆಳಗಿನ ಕಾಲುವೆಯ ನೀರೇ ಆದ್ದರಿಂದ ಸಿಡಿತವನ್ನು ಸಂಪೂರ್ಣವಾಗಿ ತಪ್ಪಿಸಲಾಗದು. ಆದರೆ ಆ ನೀರು ಪಕ್ಕಕ್ಕೆ ಚಿಮ್ಮುವುದೋ ಕುಳಿತವರ ಮಡಿಲಿಗೇ ಬೀಳುವುದೋ ಎಂಬುದು ದೋಣಿಯ ಮೂತಿಯ ಆಕಾರ, ನೀರಿನ ಆಳ ಮತ್ತು ಕುಳಿತವರ ತೂಕವನ್ನು ಅವಲಂಬಿಸಿರುತ್ತದೆ. ಚಿತ್ರದುರ್ಗದ ಏಪ್ರಿಲ್ ಬಿಸಿಲನ್ನು ಉಂಡವರಿಗೆ ತೊಯ್ಯುವುದೇ ಸುಖವೆಂಬುದು ನನ್ನ ಅಭಿಪ್ರಾಯ. ಆದರೂ ಡಿಸೆಂಬರ್‌ನಲ್ಲೊಮ್ಮೆ ಒದ್ದೆ ಜೀನ್ಸ್‌ನಲ್ಲೇ ಬೆಂಗಳೂರಿನಿಂದ ದಾವಣಗೆರೆಯವರೆಗೆ ಸುಮಾರು 260 ಕಿಲೋಮೀಟರ್ ಬಸ್ಸಿನಲ್ಲಿ ನಡುಗುತ್ತ ಬಂದಿದ್ದೇನೆ. ತಪ್ಪು ನನ್ನದೇ, ಬದಲಿ ಬಟ್ಟೆ ಒಯ್ದಿರಲಿಲ್ಲ. ತಾಯಿಯವರೂ ಜೊತೆಗಿರುವುದಾಗಿ ಬರೆದಿದ್ದೀರಲ್ಲ, ಸಾಲಿಗೆ ನಿಲ್ಲುವ ಮೊದಲು ದೋಣಿಯಿಂದ ಇಳಿದು ಬರುವವರ ಬಟ್ಟೆಯನ್ನೊಮ್ಮೆ ನೋಡಿಕೊಳ್ಳಿ.